ಹತ್ತು ಸಲ ನೂರು ಮೀಟರ್ ಓಡಿಸಿದರೂ ವೇಗ ಏಕೆ ಬರಲಿಲ್ಲ?

ಪ್ರಶ್ನೆ: ನಾನು ಸಿಂದಗಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ಹತ್ತನೆಯ ತರಗತಿಯ ಹುಡುಗಿಯೊಬ್ಬಳು 100 ಮೀಟರ್ ಓಟದಲ್ಲಿ ಚುರುಕಾಗಿದ್ದಾಳೆ. ಕಳೆದ ವರ್ಷ ತಾಲ್ಲೂಕು ಮಟ್ಟದಲ್ಲಿ ಮೊದಲ ಸ್ಥಾನ, ಜಿಲ್ಲಾ ಮಟ್ಟದಲ್ಲಿ ನಾಲ್ಕನೆಯ ಸ್ಥಾನ ಬಂದಿತ್ತು. ಆಗ ನಮ್ಮ ಮೈದಾನದಲ್ಲಿ ಅವಳ ಸಮಯ 13.1 ಸೆಕೆಂಡ್. ಈ ಸಲ ಬೆಳಗಾವಿ ವಿಭಾಗ ಮಟ್ಟಕ್ಕೆ ಮುಟ್ಟಿಸಬೇಕೆಂದು ಎರಡು ತಿಂಗಳಿಂದ ದಿನವೂ ಬೆಳಗ್ಗೆ ಮೈದಾನಕ್ಕೆ ಐದು ಸುತ್ತು, ನಂತರ ನೂರು ಮೀಟರಿನ ಹತ್ತು ಓಟ, ನಡುವೆ ಒಂದೊಂದು ನಿಮಿಷ ವಿಶ್ರಾಂತಿ ಎಂದು ಮಾಡಿಸುತ್ತಿದ್ದೇನೆ. ಸಮಯ ಇಳಿಯುವ ಬದಲು 13.4ಕ್ಕೆ ಏರಿದೆ. ಎರಡು ವಾರದಿಂದ ಬಲ ತೊಡೆಯ ಹಿಂಭಾಗ ಹಿಡಿಯುತ್ತದೆ ಎನ್ನುತ್ತಾಳೆ. ಕಳೆದ ವರ್ಷ ಸಹೋದ್ಯೋಗಿಯೊಬ್ಬರು ಆರಂಭದ ಗೆರೆಯಲ್ಲಿ ನಿಂತು ಕರವಸ್ತ್ರ ಬೀಸುತ್ತಿದ್ದರು. ಅವರಿಗೆ ವರ್ಗವಾದ ಮೇಲೆ ಒಬ್ಬ ಹುಡುಗ ಸೀಟಿ ಊದುತ್ತಾನೆ, ನಾನು ಕೊನೆಯ ಗೆರೆಯಲ್ಲಿ ವಾಚ್ ಹಿಡಿಯುತ್ತೇನೆ. ಜಿಲ್ಲಾ ಕ್ರೀಡಾಕೂಟಕ್ಕೆ ಹನ್ನೆರಡು ವಾರ ಉಳಿದಿದೆ. ಜಿಮ್ ಇಲ್ಲ, ಸಿಂಥೆಟಿಕ್ ಟ್ರ್ಯಾಕ್ ಇಲ್ಲ. ತರಬೇತಿಯನ್ನು ಹೇಗೆ ಹೊಂದಿಸಲಿ?

ಉತ್ತರ:

ಮಾಸ್ತರರೇ, ನಿಮ್ಮ ಪತ್ರ ಓದುವಾಗ ಹತ್ತು ಓಟಗಳಿಗಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಆ ಸೀಟಿ. ಶಬ್ದ ನೂರು ಮೀಟರ್ ದಾಟಲು ನಮ್ಮ ಬಿಸಿಲು ನಾಡಿನ ಗಾಳಿಯಲ್ಲಿ ಸುಮಾರು 0.29 ಸೆಕೆಂಡ್ ಬೇಕು. ಕರವಸ್ತ್ರ ಬೀಸಿದ್ದು ಕಣ್ಣಿಗೆ ಆ ಕ್ಷಣವೇ ಕಾಣುತ್ತದೆ, ಸೀಟಿ ಕಿವಿಗೆ ತಡವಾಗಿ ಬರುತ್ತದೆ. ಹಾಗಾಗಿ ಸೀಟಿ ಕೇಳಿ ವಾಚ್ ಒತ್ತುವವರು ಓಟಗಾರ್ತಿಗೆ ಹೆಚ್ಚುಕಡಿಮೆ ಮೂರು ದಶಾಂಶ ಸೆಕೆಂಡನ್ನು ಪುಕ್ಕಟೆಯಾಗಿ ಕೊಟ್ಟುಬಿಡುತ್ತಾರೆ. ಈಗ ನಿಮ್ಮ ಲೆಕ್ಕವನ್ನು ತಿರುಗಿಸಿ ನೋಡಿ. ಕರವಸ್ತ್ರದ 13.1 ಗಟ್ಟಿ ಅಳತೆ. ಸೀಟಿಯ 13.4 ಅದಕ್ಕಿಂತ ಸಡಿಲವಾದ ಅಳತೆ, ನಿಜವಾದ ಸಮಯ 13.7ರ ಹತ್ತಿರ ಇರಬೇಕು. ನೀವು ಬರೆದದ್ದಕ್ಕಿಂತ ಎರಡು ಪಟ್ಟು ಹಿಂದೆ ಬಿದ್ದಿದ್ದಾಳೆ. ಬೇಸರದ ಸುದ್ದಿ, ಆದರೆ ಇದನ್ನು ಬಚ್ಚಿಟ್ಟು ಮುಂದಿನ ಮಾತು ಆಡಲಾಗದು.

ಇನ್ನೊಂದು ಅಂಶ. ಕೈ ವಾಚಿನ ಸಮಯಕ್ಕೂ ವಿದ್ಯುತ್ ಸಮಯಕ್ಕೂ 100 ಮೀಟರ್‌ನಲ್ಲಿ 0.24 ಸೆಕೆಂಡ್ ವ್ಯತ್ಯಾಸ ಎಂದು ಹಿಡಿಯುವುದು ರೂಢಿ. ಅಂದರೆ ಕಳೆದ ವರ್ಷದ 13.1 ಕೂಡ ವಿದ್ಯುತ್ ಗಡಿಯಾರದ ಮುಂದೆ 13.34 ಆಗುತ್ತಿತ್ತು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಮಿಲ್ಖಾ ಸಿಂಗ್ ಅವರ 400 ಮೀಟರ್ ಸಮಯ ಕೈ ವಾಚಿನಲ್ಲಿ 45.6, ವಿದ್ಯುತ್ ಗಡಿಯಾರದಲ್ಲಿ 45.73. ದೊಡ್ಡವರಿಗೂ ಈ ತೆರಿಗೆ ತಪ್ಪಿಲ್ಲ. ಮುಂದಿನ ಹಂತಗಳಲ್ಲಿ ವಿದ್ಯುತ್ ಸಮಯ ನೋಡಿ ಹುಡುಗಿ ಕಂಗಾಲಾಗದಂತೆ ಈಗಲೇ ತಿಳಿಸಿಡಿ.

ಇನ್ನು ಹತ್ತು ಓಟದ ವಿಷಯ. ಪೂರ್ತಿ ವೇಗದಲ್ಲಿ ಓಡುವಾಗ ಮೊದಲ ಐದಾರು ಸೆಕೆಂಡಿಗೆ ಸ್ನಾಯುವಿನಲ್ಲೇ ಕೂಡಿಟ್ಟ ಕ್ರಿಯಾಟಿನ್ ಫಾಸ್ಫೇಟ್ ಮುಖ್ಯ ಇಂಧನ. ಅದು ಬೇಗ ಬರಿದಾಗುತ್ತದೆ, ಬಹುಪಾಲು ತುಂಬಿಕೊಳ್ಳಲು ಮೂರರಿಂದ ಐದು ನಿಮಿಷ ಬೇಕು. ಒಂದು ನಿಮಿಷಕ್ಕೆ ಮತ್ತೆ ಗೆರೆಗೆ ಕರೆದರೆ ಮೂರನೆಯ ಓಟದ ಹೊತ್ತಿಗೆ ಅವಳು ಬೇರೆ ಇಂಧನದ ಮೇಲೆ, ಬೇರೆ ವೇಗದಲ್ಲಿ, ಬೇರೆ ಹೆಜ್ಜೆಯಲ್ಲಿ ಓಡುತ್ತಿರುತ್ತಾಳೆ. ಏಳನೆಯ ಓಟದಲ್ಲಿ ಸೊಂಟ ಕುಸಿದಿರುತ್ತದೆ, ಪಾದ ನೆಲಕ್ಕೆ ಅಂಟಿಕೊಂಡಿರುತ್ತದೆ, ಕತ್ತು ಬಿಗಿದಿರುತ್ತದೆ. ಹತ್ತರಲ್ಲಿ ಎಂಟು ಓಟ ಹೀಗೆ ಆದರೆ ಕಾಲು ಕಲಿಯುವುದು ಆ ಎಂಟನ್ನೇ. ದಿನವೂ ನೂರರಲ್ಲಿ ಎಂಬತ್ತರ ವೇಗದಲ್ಲಿ ಓಡಿ ಓಡಿ, ಎಂಬತ್ತರ ವೇಗದಲ್ಲಿ ಓಡುವುದರಲ್ಲಿ ಅವಳು ಪಳಗಿದ್ದಾಳೆ.

ನಮ್ಮ ಕಡೆ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವವರನ್ನು ನೀವು ನೋಡಿಯೇ ಇರುತ್ತೀರಿ. ಆತ ಒಂದು ಸಲ ಎತ್ತುತ್ತಾನೆ, ಬಂದು ನೆರಳಲ್ಲಿ ಕೂರುತ್ತಾನೆ, ಟವೆಲ್ ಹೊದ್ದು ಸುಮ್ಮನಿರುತ್ತಾನೆ. ಮತ್ತೆ ಹೆಸರು ಕೂಗಿದಾಗಲೇ ಏಳುವುದು. ಕೂತಿದ್ದಾನೆ, ಸೋಮಾರಿ ಎಂದು ಊರಿನ ಯಾರೂ ಅನ್ನುವುದಿಲ್ಲ. ಅದೇ ಜನ ಮೈದಾನದಲ್ಲಿ ಓಟದ ಹುಡುಗಿ ಆರು ನಿಮಿಷ ನಿಂತರೆ, ಮಾಸ್ತರು ಏನೂ ಮಾಡಿಸುತ್ತಿಲ್ಲ ಎನ್ನುತ್ತಾರೆ. ಪೂರ್ತಿ ವೇಗದ ಓಟವೂ ಸಂಗ್ರಾಣಿ ಕಲ್ಲಿನ ಜಾತಿಯದೇ. ನಾನು ಪಾಲಿಸುವ ಲೆಕ್ಕ ಇಷ್ಟು: ಪ್ರತಿ ಹತ್ತು ಮೀಟರ್ ಪೂರ್ತಿ ವೇಗದ ಓಟಕ್ಕೆ ಒಂದು ನಿಮಿಷ ವಿಶ್ರಾಂತಿ. ಮೂವತ್ತು ಮೀಟರ್ ಓಡಿದರೆ ಮೂರು ನಿಮಿಷ, ಅರವತ್ತಕ್ಕೆ ಆರು. ಹೆಡ್‌ಮಾಸ್ಟರ್ ಬಂದು ಕೇಳಿದರೆ ಈ ಲೆಕ್ಕ ಹೇಳಿ.

ಈ ತಪ್ಪನ್ನು ನಾನೂ ಮಾಡಿದವನೇ. ತರಬೇತಿ ಕೊಡಲು ಶುರುಮಾಡಿದ ಮೊದಲ ವರ್ಷಗಳಲ್ಲಿ ಬಾಗಲಕೋಟೆ ಕಡೆಯ ಒಬ್ಬ ಹುಡುಗ ನನ್ನ ಕೈಗೆ ಸಿಕ್ಕಿದ್ದ. ಮೊದಲ ಮೂವತ್ತು ಮೀಟರ್‌ನಲ್ಲಿ ಅವನನ್ನು ಯಾರೂ ಹಿಡಿಯಲಾಗುತ್ತಿರಲಿಲ್ಲ, ಕೊನೆಯಲ್ಲಿ ಸೋಲುತ್ತಿದ್ದ. ದಮ್ಮು ಸಾಲದು ಎಂದು ತೀರ್ಮಾನಿಸಿ ಇಡೀ ಬೇಸಿಗೆ 200 ಮೀಟರಿನ ಎಂಟೆಂಟು ಓಟ ಓಡಿಸಿದೆ. ಮಳೆಗಾಲದ ಕೂಟದಲ್ಲಿ ಅವನ ಕೊನೆಯ ಭಾಗ ನಿಜಕ್ಕೂ ಸುಧಾರಿಸಿತ್ತು. ಆದರೆ ಮೊದಲ ಮೂವತ್ತರಲ್ಲಿದ್ದ ಚಿಮ್ಮುವಿಕೆ ಮಾಯವಾಗಿ ನಾಲ್ಕನೆಯವನಾಗಿ ಬಂದ. ನಾನು ಅವನಿಗೆ ಇಲ್ಲದ್ದನ್ನು ಕೊಡಲು ಹೋಗಿ ಇದ್ದದ್ದನ್ನು ಕಿತ್ತುಕೊಂಡಿದ್ದೆ. ಆ ನೋಟ್‌ಬುಕ್ ಇನ್ನೂ ನನ್ನ ಬಳಿ ಇದೆ, ಆಗಾಗ ತೆಗೆದು ನೋಡುತ್ತೇನೆ.

ಉದ್ದದ ಓಟಗಳಿಂದ ಶುರುಮಾಡಿ ಗಿಡ್ಡ ಓಟಗಳಿಗೆ ಬರುವ ಕ್ರಮವೇ ತಪ್ಪು ಎಂದು ಇದರ ಅರ್ಥವಲ್ಲ. ಅಮೆರಿಕದ ಕೋಚ್ ಕ್ಲೈಡ್ ಹಾರ್ಟ್ ಸಹಿಷ್ಣುತೆಯ ಬುನಾದಿಯ ಮೇಲೆಯೇ ಮೈಕೆಲ್ ಜಾನ್ಸನ್‌ನನ್ನು ಬೆಳೆಸಿದರು. 200 ಮೀಟರ್‌ಗೆ 19.32, 400 ಮೀಟರ್‌ಗೆ 43.18 ಆ ಕ್ರಮದಲ್ಲೇ ಬಂದವು. ಆದರೆ ಅವನು ಮುಖ್ಯವಾಗಿ 200–400ರ ಓಟಗಾರ. ನಿಮ್ಮ ಹುಡುಗಿ 100ರವಳು, ಕೈಯಲ್ಲಿರುವುದು ಹನ್ನೆರಡು ವಾರ. ಇದಕ್ಕೆ ಗಿಡ್ಡದಿಂದ ಉದ್ದಕ್ಕೆ ಹೋಗುವ ದಾರಿಯೇ ಒಳ್ಳೆಯದು. ಮೊದಲು 10, 20, 30 ಮೀಟರ್. ಅದು ಕೂತ ಮೇಲೆ ಗರಿಷ್ಠ ವೇಗ. ಕೊನೆಗೆ ಆ ವೇಗವನ್ನು ಹಿಡಿದಿಡುವ 80, 120 ಮೀಟರ್.

ನೂರು ಮೀಟರ್ ಒಂದೇ ಓಟದಂತೆ ಕಂಡರೂ ಒಳಗೆ ಮೂರು ಓಟಗಳಿವೆ. 2009ರ ಆಗಸ್ಟ್‌ನಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ 9.58 ಓಡಿದಾಗ ಮೊದಲ ಹತ್ತು ಮೀಟರ್‌ಗೆ 1.89 ಸೆಕೆಂಡ್ ಹಿಡಿಯಿತು. 60ರಿಂದ 80ರವರೆಗಿನ ಇಪ್ಪತ್ತು ಮೀಟರ್‌ಗೆ 1.61, ಕೊನೆಯ ಇಪ್ಪತ್ತಕ್ಕೆ 1.66. ಅಂದರೆ ಬೋಲ್ಟ್ ಕೂಡ ಕೊನೆಯಲ್ಲಿ ನಿಧಾನವಾದ. ಟಿ.ವಿ.ಯಲ್ಲಿ ಅವನು ಕೊನೆಗೆ ಇನ್ನೂ ವೇಗ ಏರಿಸಿದಂತೆ ಕಂಡದ್ದು ಪಕ್ಕದವರು ಅವನಿಗಿಂತ ಹೆಚ್ಚು ನಿಧಾನವಾದ ಕಾರಣಕ್ಕೆ. ಬೋಲ್ಟ್ ತನ್ನ ತುದಿ ವೇಗ ಮುಟ್ಟಲು ಅರವತ್ತು ಮೀಟರ್ ದಾಟಬೇಕಾಯಿತು. ಹದಿಮೂರು ಸೆಕೆಂಡಿನ ಶಾಲಾ ಹುಡುಗಿ ಮೂವತ್ತು ನಲವತ್ತರಲ್ಲೇ ಮುಟ್ಟಿಬಿಡುತ್ತಾಳೆ, ಏಕೆಂದರೆ ಆ ತುದಿಯೇ ಗಿಡ್ಡ. ಉಳಿದ ಅರವತ್ತು ಮೀಟರ್ ಅವಳು ಜಾರುತ್ತಲೇ ಇರುತ್ತಾಳೆ. ನೋಡುವವರು ದಮ್ಮು ಸಾಲಲಿಲ್ಲ ಎನ್ನುತ್ತಾರೆ. ಸಾಲದೆ ಹೋದದ್ದು ವೇಗ.

ಲೆಕ್ಕ ಹಾಕಿ ತೋರಿಸುತ್ತೇನೆ. ಓಡುತ್ತಲೇ ಬಂದು ದಾಟುವ ಇಪ್ಪತ್ತು ಮೀಟರ್‌ಗೆ ಅವಳು 2.40 ಸೆಕೆಂಡ್ ತೆಗೆದುಕೊಳ್ಳುತ್ತಾಳೆ ಎನ್ನಿ. ಅದು ಸೆಕೆಂಡಿಗೆ 8.33 ಮೀಟರ್. ಇದು 2.30ಕ್ಕೆ ಇಳಿದರೆ 8.70 ಮೀಟರ್. ಮೊದಲ ಮೂವತ್ತನ್ನು ಬಿಟ್ಟು ಉಳಿದ ಎಪ್ಪತ್ತು ಮೀಟರ್‌ಗೆ ಭಾಗಿಸಿದರೆ 8.40 ಸೆಕೆಂಡ್ ಇದ್ದದ್ದು 8.05 ಆಗುತ್ತದೆ. ಇಪ್ಪತ್ತು ಮೀಟರ್‌ನಲ್ಲಿ ಒಂದು ದಶಾಂಶ ಗಳಿಸಿದರೆ ಇಡೀ ಓಟದಲ್ಲಿ ಮೂರೂವರೆ ದಶಾಂಶ ಸಿಗುತ್ತದೆ. ಹತ್ತು ಸಲ ನೂರು ಓಡಿಸಿ ಇಷ್ಟು ಗಳಿಸಿದವರನ್ನು ನಾನು ಕಂಡಿಲ್ಲ.

ಆದರೆ ಇದೆಲ್ಲಕ್ಕೂ ಮೊದಲು ತೊಡೆ. ಹಿಂದೊಡೆಯ ಸ್ನಾಯು ಓಟದಲ್ಲಿ ಅತಿ ಹೆಚ್ಚು ಎಳೆತ ಅನುಭವಿಸುವುದು ಕಾಲು ಮುಂದಕ್ಕೆ ಬೀಸಿ ನೆಲ ಮುಟ್ಟುವ ತುಸು ಮೊದಲು. ಅದು ದಣಿದಿದ್ದಾಗ ಹರಿಯುವ ಅಪಾಯ ಹೆಚ್ಚು. ಎರಡು ವಾರದಿಂದ ಹಿಡಿಯುತ್ತಿದೆ ಎಂದಿದ್ದೀರಿ, ಅದೇ ಎಚ್ಚರಿಕೆ. ನಡೆಯುವಾಗ ಕುಂಟುತ್ತಿದ್ದರೆ, ಚರ್ಮ ನೀಲಿಗಟ್ಟಿದ್ದರೆ, ಒಂದೇ ಜಾಗವನ್ನು ಬೆರಳಿಂದ ಒತ್ತಿದರೆ ಚೀರುವಷ್ಟು ನೋವಿದ್ದರೆ ಈ ಉತ್ತರ ಬದಿಗಿಟ್ಟು ವಿಜಯಪುರಕ್ಕೆ ಕರೆದೊಯ್ದು ಮೂಳೆ ವೈದ್ಯರಿಗೆ ಅಥವಾ ಫಿಸಿಯೊಥೆರಪಿಸ್ಟ್‌ಗೆ ತೋರಿಸಿ. ಬರೀ ಬಿಗಿತವಿದ್ದರೆ ಪೂರ್ತಿ ವೇಗದ ಓಟವನ್ನು ಹತ್ತು ಹನ್ನೆರಡು ದಿನ ನಿಲ್ಲಿಸಿ. ನಡಿಗೆ, ನೋವಿಲ್ಲದಷ್ಟು ನಿಧಾನದ ಓಟ, ಆಮೇಲೆ ಅರ್ಧ ವೇಗ, ಮುಕ್ಕಾಲು ವೇಗ. ಒಂದು ಮೆಟ್ಟಿಲು ಎರಡು ಸಲ ನೋವಿಲ್ಲದೆ ದಾಟಿದರೆ ಮುಂದಿನ ಮೆಟ್ಟಿಲು. ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕಿಸುವುದು, ಕಾಲನ್ನು ಕಿಟಕಿಯ ಮೇಲಿಟ್ಟು ಜಗ್ಗಿಸುವುದು ಈ ದಿನಗಳಲ್ಲಿ ಬೇಡ.

ಗುಣವಾದ ಮೇಲೆ ನಾರ್ಡಿಕ್ ಎಂಬ ವ್ಯಾಯಾಮ ಕಲಿಸಿ. ಮಡಿಸಿದ ಕಂಬಳಿಯ ಮೇಲೆ ಮಂಡಿಯೂರಿ ನಿಲ್ಲಬೇಕು, ಗೆಳತಿಯೊಬ್ಬಳು ಹಿಂದಿನಿಂದ ಕಣಕಾಲು ಅದುಮಿ ಹಿಡಿಯಬೇಕು. ಮಂಡಿಯಿಂದ ತಲೆಯವರೆಗೆ ನೆಟ್ಟಗಿದ್ದು ಮುಂದಕ್ಕೆ ಸಾಧ್ಯವಾದಷ್ಟು ನಿಧಾನವಾಗಿ ಬಾಗುತ್ತಾ ಹೋಗಿ ಕೊನೆಗೆ ಕೈ ಊರುವುದು. ಮೊದಲ ವಾರ ಮೂರು ಮೂರರಂತೆ ಎರಡು ಸಲ ಸಾಕು. ಮರುದಿನ ಮೆಟ್ಟಿಲು ಹತ್ತುವಾಗ ನಿಮ್ಮ ಮೇಲೆ ಸಿಟ್ಟು ಬರುವಷ್ಟು ನೋಯುತ್ತದೆ, ಆದ್ದರಿಂದ ವೇಗದ ಓಟದ ಹಿಂದಿನ ದಿನ ಇದನ್ನು ಮಾಡಿಸಬೇಡಿ. ವೇಗದ ಓಟ ಮುಗಿದ ಮೇಲೆ ಅದೇ ದಿನ ಮಾಡಿಸಿ.

ಈಗ ವಾರದ ಜೋಡಣೆ. ಕೆನಡಾದ ಚಾರ್ಲಿ ಫ್ರಾನ್ಸಿಸ್ ಎಂಬ ಕೋಚ್ ತರಬೇತಿಯನ್ನು ಎರಡು ಬಣಗಳಾಗಿ ಒಡೆದಿದ್ದರು. ಒಂದು ಪೂರ್ತಿ ವೇಗ, ಇನ್ನೊಂದು ತೀರಾ ಹಗುರ, ನಡುವಿನದು ಬೇಡ. ಅವರು 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಮದ್ದು ಸೇವಿಸಿ ಸಿಕ್ಕಿಬಿದ್ದ ಬೆನ್ ಜಾನ್ಸನ್‌ನ ಕೋಚ್. ಹೆಸರು ಕೆಟ್ಟಿದೆ, ಕೆಡಬೇಕಾದದ್ದೇ. ಮದ್ದು ತಿಂದ ಮೈ ಬೇಗ ಚೇತರಿಸಿಕೊಳ್ಳುವುದರಿಂದ ಅವರ ಓಟಗಾರರು ಮಾಡುತ್ತಿದ್ದ ಪ್ರಮಾಣವನ್ನು ನಮ್ಮ ಮಕ್ಕಳಿಗೆ ಹೇರಬಾರದು. ಆದರೆ ಈ ವಿಂಗಡಣೆಯ ತರ್ಕ ಗಟ್ಟಿಯಾದದ್ದು, ನಾನು ಅದನ್ನೇ ಬಳಸುತ್ತೇನೆ. ಪೂರ್ತಿ ವೇಗದ ಎರಡು ದಿನಗಳ ನಡುವೆ ಕನಿಷ್ಠ 48 ಗಂಟೆ ಇರಲಿ.

ನಿಮ್ಮ ಶಾಲೆಯ ವೇಳಾಪಟ್ಟಿಗೆ ಸೋಮವಾರ, ಬುಧವಾರ, ಶನಿವಾರ ಹೊಂದುತ್ತವೆ. ಸೋಮವಾರ ಆರಂಭದ ದಿನ: ಮೂರು ಊರುಗಾಲಿನ ನಿಲುವಿನಿಂದ, ಅಂದರೆ ಒಂದು ಕೈ ನೆಲಕ್ಕೂರಿ, ಹತ್ತು ಮೀಟರಿನ ನಾಲ್ಕು, ಇಪ್ಪತ್ತರ ನಾಲ್ಕು, ಮೂವತ್ತರ ಮೂರು. ಕೂಡಿದರೆ 210 ಮೀಟರ್. ಇಷ್ಟೇನಾ ಎನ್ನಬೇಡಿ, ಇಷ್ಟೇ. ಬುಧವಾರ ಗರಿಷ್ಠ ವೇಗ, ಅದನ್ನು ಕೆಳಗೆ ವಿವರವಾಗಿ ಹೇಳುತ್ತೇನೆ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಬಿಸಿಲು ಇಳಿಯುವವರೆಗೆ ಕಾದು ವೇಗ ಹಿಡಿದಿಡುವ ಓಟ. ಮೊದಲ ವಾರಗಳಲ್ಲಿ ಅರವತ್ತು ಮೀಟರಿನ ಮೂರು, ಎಂಟನೆಯ ವಾರದ ಹೊತ್ತಿಗೆ ಎಂಬತ್ತರ ಎರಡು, ಹತ್ತನೆಯ ವಾರದಲ್ಲಿ 120ರ ಎರಡು, ನಡುವೆ ಹನ್ನೆರಡು ನಿಮಿಷ. ಶುಕ್ರವಾರ ಮತ್ತು ಭಾನುವಾರ ಪೂರ್ತಿ ರಜೆ. ಮೊದಲ ಎರಡು ವಾರ ತೊಡೆಯ ಕಾರಣಕ್ಕೆ ಇದ್ಯಾವುದೂ ಇಲ್ಲ ಎಂಬುದನ್ನು ಮರೆಯಬೇಡಿ. ಪ್ರತಿ ನಾಲ್ಕನೆಯ ವಾರ ಓಟಗಳ ಸಂಖ್ಯೆಯನ್ನು ಮೂರರಲ್ಲಿ ಒಂದು ಭಾಗ ಇಳಿಸಿ.

ಮಂಗಳವಾರ ಮತ್ತು ಗುರುವಾರ ಹಗುರ ಓಟ. ಇದರಲ್ಲೇ ಎಲ್ಲರೂ ಎಡವುವುದು. ಹಗುರ ಎಂದರೆ ಅವಳ ಉತ್ತಮ ವೇಗದ ನೂರರಲ್ಲಿ ಎಪ್ಪತ್ತು ಭಾಗ. ಕಳೆದ ವರ್ಷದ ವಿದ್ಯುತ್ ಲೆಕ್ಕದ 13.3ನ್ನು 0.7ರಿಂದ ಭಾಗಿಸಿದರೆ 19 ಸೆಕೆಂಡ್. ನೂರು ಮೀಟರನ್ನು ಹತ್ತೊಂಬತ್ತು ಸೆಕೆಂಡಿನಲ್ಲಿ, ಎಂಟು ಸಲ, ನಡೆದುಕೊಂಡು ಹಿಂದಕ್ಕೆ ಬಂದು. ಅವಳಿಗೆ ಅದು ಓಟವೇ ಅನ್ನಿಸುವುದಿಲ್ಲ, ಹದಿನಾರಕ್ಕೆ ಓಡಿ ಬಂದು ನಿಮ್ಮ ಮುಖ ನೋಡುತ್ತಾಳೆ. ಶಭಾಷ್ ಎನ್ನಬೇಡಿ, ವಾಚ್ ತೋರಿಸಿ. ಹದಿನಾರು ಎಂದರೆ ಮರುದಿನದ ವೇಗಕ್ಕೆ ಕೈ ಹಾಕುವಷ್ಟು ಜೋರು, ವೇಗ ಕಲಿಸಲು ಸಾಲದಷ್ಟು ನಿಧಾನ. ನೀವು ಈಗ ಮಾಡಿಸುತ್ತಿರುವ ಹತ್ತು ಓಟಗಳೂ ಅದೇ ನಡುವಿನ ಕೆಸರಿನಲ್ಲಿವೆ.

ಬುಧವಾರ. ಗರಸು ಹಾಕಿ ಒತ್ತಿದ ನೇರ ಪಟ್ಟಿಯೊಂದು ಬೇಕು, ಎಪ್ಪತ್ತು ಮೀಟರ್ ಸಾಕು. ಎರೆಮಣ್ಣಿನ ಮೈದಾನವಾದರೆ ಬೇಸಿಗೆಯಲ್ಲಿ ಬಿರುಕು, ಮಳೆಯಲ್ಲಿ ಅಂಟು. ಎರಡರಲ್ಲೂ ಪೂರ್ತಿ ವೇಗ ಬೇಡ. ಬಿರುಕುಗಳಿಗೆ ಒಂದು ಟ್ರ್ಯಾಕ್ಟರ್ ಗರಸು ಹಾಕಿಸಲು ಗ್ರಾಮ ಪಂಚಾಯಿತಿಯವರನ್ನು ಒಪ್ಪಿಸುವುದು ಈ ಇಡೀ ಯೋಜನೆಯ ಅತಿ ಕಷ್ಟದ ಭಾಗವಾದರೂ ಆಗಬಹುದು. ಸುಣ್ಣದಿಂದ ಒಂದು ಆರಂಭದ ಗೆರೆ ಎಳೆಯಿರಿ, ಅಲ್ಲಿಂದ 25 ಮೀಟರ್‌ಗೆ ಒಂದು ಕೋಲು, 45 ಮೀಟರ್‌ಗೆ ಇನ್ನೊಂದು. ಕೋಲುಗಳು ಅವಳು ಓಡುವ ಗೆರೆಯಿಂದ ಒಂದು ಮೊಳ ಆಚೆ ಇರಲಿ. 25 ಮೀಟರ್ ವೇಗ ಏರಿಸಿಕೊಂಡು ಬಂದು ಎರಡು ಕೋಲುಗಳ ನಡುವಿನ ಇಪ್ಪತ್ತನ್ನು ಹಾರಿದಂತೆ ದಾಟಬೇಕು, ಆಮೇಲೆ ನಿಧಾನವಾಗಿ ಬಿಡಬೇಕು, ಬ್ರೇಕ್ ಹಾಕಿದಂತೆ ನಿಲ್ಲಬಾರದು.

ಈ ಇಪ್ಪತ್ತು ಮೀಟರನ್ನು ಕೈ ವಾಚಿನಿಂದ ಅಳೆಯಬೇಡಿ. ಬೆರಳು ಒಂದು ದಶಾಂಶ ತಪ್ಪಿದರೆ ನಾಲ್ಕು ತಿಂಗಳ ಸುಧಾರಣೆಯೋ ಹಿಂಜರಿಕೆಯೋ ಎರಡೂ ಅದರಲ್ಲಿ ಮುಚ್ಚಿಹೋಗುತ್ತವೆ. ಮೊಬೈಲ್ ಬಳಸಿ. ಎರಡು ಕೋಲುಗಳ ನಡುಮಧ್ಯಕ್ಕೆ ಎದುರಾಗಿ, ಇಪ್ಪತ್ತು ಹೆಜ್ಜೆ ದೂರದಲ್ಲಿ, ಒಂದು ಕುರ್ಚಿಯ ಮೇಲೆ ಇಟ್ಟಿಗೆಗೆ ಆನಿಸಿ ಇಡಿ. ಎರಡೂ ಕೋಲು ಪರದೆಯಲ್ಲಿ ಕಾಣಬೇಕು. ಸೆಟ್ಟಿಂಗ್‌ನಲ್ಲಿ ಸೆಕೆಂಡಿಗೆ 60 ಫ್ರೇಮ್ ಆರಿಸಿ. ಓಟದ ನಂತರ ವಿಡಿಯೊವನ್ನು ಫ್ರೇಮ್ ಫ್ರೇಮ್ ಸರಿಸುತ್ತಾ, ಸೊಂಟ ಮೊದಲ ಕೋಲು ದಾಟಿದ್ದರಿಂದ ಎರಡನೆಯದನ್ನು ದಾಟಿದವರೆಗೆ ಎಣಿಸಿ ಅರವತ್ತರಿಂದ ಭಾಗಿಸಿ. 144 ಫ್ರೇಮ್ ಎಂದರೆ 2.40 ಸೆಕೆಂಡ್, 138 ಎಂದರೆ 2.30. ಕೋಲುಗಳನ್ನು ಓರೆಯಾಗಿ ನೋಡುವುದರಿಂದ ಸಣ್ಣ ತಪ್ಪು ಇದ್ದೇ ಇರುತ್ತದೆ, ಆದರೆ ಕುರ್ಚಿ ಅದೇ ಜಾಗದಲ್ಲಿದ್ದರೆ ಪ್ರತಿ ವಾರವೂ ಅದೇ ತಪ್ಪು, ಹಾಗಾಗಿ ಹೋಲಿಕೆ ಕೆಡುವುದಿಲ್ಲ. ಎಣಿಸುವ ಕೆಲಸ ಹುಡುಗಿಗೇ ಕೊಡಿ. ಆರು ನಿಮಿಷದ ವಿಶ್ರಾಂತಿಯಲ್ಲಿ ಕೂತು ಎಣಿಸಲಿ. ಸುಮ್ಮನೆ ನಿಲ್ಲಿಸುವುದಕ್ಕೆ ಇದಕ್ಕಿಂತ ಒಳ್ಳೆಯ ನೆಪ ನನಗೆ ಸಿಕ್ಕಿಲ್ಲ.

ಎಷ್ಟು ಓಟ ಎಂದು ಕೇಳುತ್ತೀರಿ. ನಾಲ್ಕು ಎಂದು ಬರೆದುಕೊಳ್ಳಿ, ಆದರೆ ಆ ಸಂಖ್ಯೆಗೆ ಕಟ್ಟುಬೀಳಬೇಡಿ. ಆ ದಿನದ ಉತ್ತಮ ಓಟಕ್ಕಿಂತ ನೂರಕ್ಕೆ ಮೂರರಷ್ಟು, ಅಂದರೆ ನಾಲ್ಕೈದು ಫ್ರೇಮ್, ಹೆಚ್ಚಾದರೆ ಅಲ್ಲಿಗೇ ಮುಗಿಸಿ ಮನೆಗೆ ಕಳುಹಿಸಿ. ಒಮ್ಮೊಮ್ಮೆ ಎರಡನೆಯ ಓಟಕ್ಕೇ ಹಾಗಾಗುತ್ತದೆ. ರಾತ್ರಿ ಓದಿ ನಿದ್ದೆ ಕೆಟ್ಟಿರಬಹುದು, ಹಿಂದಿನ ದಿನ ಮನೆಯವರ ಜೊತೆ ಹೊಲಕ್ಕೆ ಹೋಗಿ ಕಳೆ ಕಿತ್ತಿರಬಹುದು. ಅದನ್ನು ಕೇಳಿ ತಿಳಿದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಇಡೀ ದಿನ ಬಗ್ಗಿ ಕಳೆ ತೆಗೆದ ಹುಡುಗಿಯ ತೊಡೆಗೆ ಅದು ತರಬೇತಿಯೇ, ನಿಮ್ಮ ಪಟ್ಟಿಯಲ್ಲಿ ಇಲ್ಲದಿದ್ದರೂ. ಇದಕ್ಕೆ ವಿರುದ್ಧವಾದದ್ದೂ ನಡೆಯುತ್ತದೆ: ನಾಲ್ಕನೆಯ ಓಟವೇ ಅತಿ ವೇಗದ್ದಾಗಿರುತ್ತದೆ, ಹುಡುಗಿ ಇನ್ನೊಂದು ಸರ್ ಎನ್ನುತ್ತಾಳೆ. ಆಗಲೂ ನಾನು ಬೇಡ ಎನ್ನುತ್ತೇನೆ. ಕಾಲಿನಲ್ಲಿ ಸ್ವಲ್ಪ ಉಳಿಸಿಕೊಂಡೇ ಮನೆಗೆ ಹೋಗಲಿ.

ಗಾಳಿಯ ಮಾತು. ಆಷಾಢದ ಗಾಳಿ ನಮ್ಮ ಬಯಲಿನಲ್ಲಿ ಹೇಗೆ ಬೀಸುತ್ತದೆ ಎಂದು ನಿಮಗೆ ಗೊತ್ತು. ಬುಧವಾರದ ಓಟವನ್ನು ಗಾಳಿ ಬೆನ್ನಿಗಿರುವಂತೆ ಓಡಿಸಿ. ಸ್ಪರ್ಧೆಯ ದಾಖಲೆಗೆ ಸೆಕೆಂಡಿಗೆ 2.0 ಮೀಟರ್‌ಗಿಂತ ಹೆಚ್ಚಿನ ಹಿಂಗಾಳಿ ಒಪ್ಪುವುದಿಲ್ಲ, ಆದರೆ ಅಭ್ಯಾಸದಲ್ಲಿ ಗಾಳಿ ತಳ್ಳಿದರೆ ಕಾಲು ತನಗೆ ಹೊಸದಾದ ವೇಗದ ರುಚಿ ನೋಡುತ್ತದೆ. ಫ್ರೇಮ್ ಸಂಖ್ಯೆಯ ಪಕ್ಕ ಗಾಳಿ ಎಂದು ಬರೆದರೆ ಸಾಕು, ಆಮೇಲೆ ಮೋಸಹೋಗುವುದಿಲ್ಲ.

ಓಡುವಾಗ ಏನು ಕೂಗಬೇಕು? ದೊಡ್ಡ ಹೆಜ್ಜೆ ಹಾಕು ಎಂದಂತೂ ಕೂಗಬೇಡಿ. ಹೆಜ್ಜೆ ಮುಂದೆ ಚಾಚಿದರೆ ಪಾದ ಸೊಂಟಕ್ಕಿಂತ ತುಂಬಾ ಮುಂದೆ ಬಿದ್ದು ಬ್ರೇಕ್ ಆಗುತ್ತದೆ, ಹಿಂದೊಡೆಗೂ ಅದೇ ಕೇಡು. ಹೆಜ್ಜೆ ಉದ್ದವಾಗುವುದು ನೆಲವನ್ನು ಬಲವಾಗಿ ಒತ್ತಿದ್ದರ ಫಲವಾಗಿ. ಆದ್ದರಿಂದ ನೆಲ ಒದೆ ಎನ್ನಿ, ಅದೂ ಓಟಕ್ಕೆ ಮೊದಲು, ಒಂದೇ ಸಲ. ಕೊನೆಯ ಮೂವತ್ತರಲ್ಲಿ ಇಡೀ ಶಾಲೆ ಜೋರು ಜೋರು ಎಂದು ಕೂಗಿದಾಗ ಮಕ್ಕಳು ಹಲ್ಲು ಕಚ್ಚಿ, ಮುಷ್ಟಿ ಬಿಗಿದು, ಭುಜ ಕಿವಿಗೆ ಏರಿಸಿ ನಿಧಾನವಾಗುತ್ತಾರೆ. ಇದಕ್ಕೆ ನನ್ನ ಬಳಿ ಒಂದು ಉಪಾಯವಿದೆ. ಎರಡೂ ಮುಷ್ಟಿಯಲ್ಲಿ ಒಂದೊಂದು ಒಣ ಶೇಂಗಾ ಕಾಯಿ ಕೊಟ್ಟು, ಸಿಪ್ಪೆ ಒಡೆಯದೆ ಗೆರೆ ದಾಟು ಎನ್ನುತ್ತೇನೆ. ಒಡೆಯದಿದ್ದರೆ ತಿನ್ನಬಹುದು. ಒಡೆದರೂ ತಿನ್ನುತ್ತಾರೆ, ಅದು ಬೇರೆ ಮಾತು.

ಜಿಮ್ ಇಲ್ಲ ಎಂದು ಕೊರಗಬೇಡಿ. ಹದಿನಾರರ ಹುಡುಗಿಗೆ ಶಾಲೆಯ ಕಟ್ಟೆಯೇ ಸಾಕು. ಒಂದು ಕಾಲಿಟ್ಟು ಕಟ್ಟೆ ಹತ್ತುವುದು, ಅಂಗಾತ ಮಲಗಿ ಒಂಟಿ ಕಾಲಿನ ಮೇಲೆ ಸೊಂಟ ಎತ್ತುವುದು, ಮರಳು ತುಂಬಿದ ಚೀಲ ಎದೆಗವಚಿ ಬಸ್ಕಿ ಹೊಡೆಯುವುದು, ನಿಂತಲ್ಲಿಂದ ಉದ್ದ ಜಿಗಿತ. ಸೋಮವಾರ ಮತ್ತು ಶನಿವಾರ ಓಟದ ನಂತರ ಇಪ್ಪತ್ತು ನಿಮಿಷ. ನಮ್ಮ ಕಡೆ ಗರಡಿಮನೆಯ ಗೌರವ ದೊಡ್ಡದು, ನನಗೂ ಅದು ಇದೆ, ಆದರೆ ಐನೂರು ಬಸ್ಕಿ ಹೊಡೆದವನಿಗೆ ಐನೂರು ಬಸ್ಕಿ ಹೊಡೆಯುವ ತೊಡೆ ಬರುತ್ತದೆ. ಪೈಲ್ವಾನನಿಗೆ ಅದು ಬೇಕು. ಅತಿವೇಗದ ಓಟಗಾರರ ಪಾದ ನೆಲದ ಮೇಲಿರುವುದು ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕೂ ಕಡಿಮೆ ಹೊತ್ತು. ಅಷ್ಟರಲ್ಲಿ ಒತ್ತಬೇಕು. ಹಾಗಾಗಿ ಆರು ಬಸ್ಕಿ, ಭಾರ ಹೊತ್ತು, ಚುರುಕಾಗಿ ಮೇಲೇಳುತ್ತಾ. ಜಿಗಿತ ಐದು, ಪ್ರತಿಯೊಂದನ್ನೂ ಟೇಪಿನಿಂದ ಅಳೆದು.

ಬೆಳಗಿನ ಐದು ಸುತ್ತು ಬಿಡಿ. ಎರಡು ಸುತ್ತು ನಿಧಾನ, ಕಾಲು ಬೀಸುವುದು, ಮೊಣಕಾಲು ಎತ್ತಿ ಕುಪ್ಪಳಿಸುವುದು, ಆಮೇಲೆ ಅರವತ್ತು ಮೀಟರಿನ ಮೂರು ಓಟ, ಒಂದಕ್ಕಿಂತ ಒಂದು ಸ್ವಲ್ಪ ಜೋರು. ಅರ್ಧ ಗಂಟೆ ಹಿಡಿಯುತ್ತದೆ. ಬೆಳಗಿನ ತಣ್ಣನೆಯ ಮೈಯಿಗಿಂತ ಸಂಜೆಯ ಬೆಚ್ಚನೆಯ ಮೈ ವೇಗಕ್ಕೆ ಒಳ್ಳೆಯದು, ಶಾಲೆಯವರು ಒಪ್ಪಿದರೆ ಸಂಜೆಗೆ ಬದಲಿಸಿ.

ಊಟಕ್ಕೆ ಪುಡಿ ಡಬ್ಬ ಬೇಡ. ಜೋಳದ ರೊಟ್ಟಿ, ಹೆಸರುಕಾಳೋ ಮಡಿಕೆಕಾಳೋ ಪಲ್ಲೆ, ಶೇಂಗಾ ಚಟ್ನಿ, ಮೊಸರು, ಶಾಲೆಯಲ್ಲಿ ಕೊಡುವ ಮೊಟ್ಟೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಮಾತ್ರ ತಪ್ಪದೆ ಪರೀಕ್ಷೆ ಮಾಡಿಸಿ. ಈ ವಯಸ್ಸಿನ ಹುಡುಗಿಯರಲ್ಲಿ ಅದು 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. ಹಾಗಿದ್ದಲ್ಲಿ ನನ್ನ ಯೋಜನೆಗಿಂತ ವೈದ್ಯರು ಕೊಡುವ ಕಬ್ಬಿಣದ ಮಾತ್ರೆ ಮುಖ್ಯ. ಮುಟ್ಟಿನ ದಿನಗಳ ತೊಂದರೆಯ ಬಗ್ಗೆ ಶಿಕ್ಷಕಿಯೊಬ್ಬರು ಅವಳ ಜೊತೆ ಮಾತಾಡಲಿ, ಅದಕ್ಕೆ ತಕ್ಕಂತೆ ದಿನ ಬದಲಿಸುವುದರಲ್ಲಿ ನಷ್ಟವೇನೂ ಇಲ್ಲ.

ಬರಿಗಾಲಿನಲ್ಲಿ ಓಡುತ್ತಿದ್ದರೆ ಸ್ಪೈಕ್ಸ್ ಅನ್ನು, ಅಂದರೆ ಅಡಿಗೆ ಮೊಳೆಯಿರುವ ಓಟದ ಬೂಟನ್ನು, ಸ್ಪರ್ಧೆಯ ದಿನ ಮೊದಲ ಸಲ ಹಾಕಿಸಬೇಡಿ, ಮೀನಖಂಡ ಹಿಡಿದುಕೊಳ್ಳುತ್ತದೆ. ಆರನೆಯ ವಾರದಿಂದ ಬುಧವಾರಕ್ಕೆ ಮಾತ್ರ, ಮೊದಲು ಎರಡು ಓಟಕ್ಕೆ, ಹಾಕಿಸಿ. ಸ್ಟಾರ್ಟಿಂಗ್ ಬ್ಲಾಕ್, ಅಂದರೆ ಆರಂಭದಲ್ಲಿ ಪಾದ ಆನಿಸುವ ಪೆಡಲ್‌ಗಳ ಚೌಕಟ್ಟು, ಇಲ್ಲದಿದ್ದರೆ ತಾಲ್ಲೂಕಿನಲ್ಲಿ ಯಾರ ಬಳಿಯಾದರೂ ಎರಡು ವಾರಕ್ಕೆ ಕೇಳಿ ತನ್ನಿ. ಮುಂದಿನ ಪೆಡಲ್ ಗೆರೆಯಿಂದ ಅವಳದೇ ಎರಡು ಪಾದದಷ್ಟು ಹಿಂದೆ, ಹಿಂದಿನದು ಮೂರು ಪಾದದಷ್ಟು. ಅಲ್ಲಿಂದ ಶುರುಮಾಡಿ ಒಂದೆರಡು ಬೆರಳು ಆಚೀಚೆ ಸರಿಸುತ್ತಾ ಅವಳಿಗೆ ಹೊಂದುವ ಜಾಗ ಹುಡುಕಿ.

ಕೊನೆಯ ಹತ್ತು ದಿನ ಓಟಗಳ ಸಂಖ್ಯೆ ಅರ್ಧಕ್ಕೆ ಇಳಿಸಿ, ವೇಗ ಇಳಿಸಬೇಡಿ. ಕೂಟಕ್ಕೆ ನಾಲ್ಕು ದಿನ ಮೊದಲು ಮೂವತ್ತು ಮೀಟರಿನ ಮೂರು ಓಟ, ಒಂದೆರಡು ದಿನ ಮೊದಲು ಬರೀ ವಾರ್ಮ್‌ಅಪ್. ಈ ಹತ್ತು ದಿನಗಳಲ್ಲಿ ನಿಮಗೆ ಕೈ ಕಡಿಯುತ್ತದೆ, ಇನ್ನೂ ಏನಾದರೂ ಮಾಡಿಸೋಣ ಅನ್ನಿಸುತ್ತದೆ. ಆಗ ಗರಸಿನ ಪಟ್ಟಿಗೆ ನೀರು ಹೊಡೆಸಿ ರೋಲರ್ ಎಳೆಸಿ, ಕೈಗೆ ಕೆಲಸ ಸಿಗುತ್ತದೆ.

ಈ ಶನಿವಾರ ಅವಳನ್ನು ಓಡಿಸಬೇಡಿ. ಬದಲಿಗೆ ಆ ಸೀಟಿಯ ಹುಡುಗನನ್ನು ಆರಂಭದ ಗೆರೆಯಲ್ಲಿ ನಿಲ್ಲಿಸಿ, ಒಂದು ಕೈಯಿಂದ ಕರವಸ್ತ್ರ ಬೀಸುತ್ತಲೇ ಸೀಟಿ ಊದಲು ಹೇಳಿ. ಕೊನೆಯ ಗೆರೆಯಲ್ಲಿ ಇಬ್ಬರು ಮಕ್ಕಳಿಗೆ ಎರಡು ವಾಚ್ ಕೊಡಿ. ಒಬ್ಬ ಕರವಸ್ತ್ರ ನೋಡಿ ಒತ್ತಲಿ, ಇನ್ನೊಬ್ಬ ಕಣ್ಣು ಮುಚ್ಚಿ ಸೀಟಿ ಕೇಳಿ ಒತ್ತಲಿ. ನೀವು ಅವರ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿದಾಗ ಇಬ್ಬರೂ ನಿಲ್ಲಿಸಲಿ. ಹತ್ತು ಸಲ ಮಾಡಿ, ವ್ಯತ್ಯಾಸದ ಸರಾಸರಿ ತೆಗೆಯಿರಿ. ಆ ಸಂಖ್ಯೆಯನ್ನು ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದು, ಸೋಮವಾರ ಅವಳಿಗೆ ತೋರಿಸಿ.